ಬಾಕಿ ಉಳಿದ ನಾಲ್ಕು ನಿಮಿಷ

"ಬಲಗೈ ಮೊದಲು. ಬೆರಳ ಸಂದಿಗೆಲ್ಲ ನೀರು ಹೋಗ್ಬೇಕು. ಅವಸರ ಮಾಡ್ಬೇಡ ಮಾರಾಯ," ಎಂದರು ಸಾದುಲ್ಲಾಕ.

ರಝಾಕ್ ಮತ್ತೊಮ್ಮೆ ಮಗ್ ಬಗ್ಗಿಸಿದ. ಭಾವನ ಬೆರಳ ಸಂದಿಗೆ ನೀರು ಬಿಡಲು ಕಷ್ಟವೇನೂ ಇರಲಿಲ್ಲ. ಮೂರು ದಿನ ಆಸ್ಪತ್ರೆಯ ಶವಾಗಾರದಲ್ಲಿ ಮಲಗಿದ್ದರೂ ಹತ್ತು ಬೆರಳುಗಳೂ ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ದೂರ ದೂರವೇ ಇದ್ದವು. ಐವತ್ತಾರು ವರ್ಷದ ಎಲೆಕ್ಟ್ರಿಷಿಯನ್ ಮಹಮ್ಮದ್ ಕುಂಞಿಯ ಮೈಯಲ್ಲಿ ಉಳಿದದ್ದೆಲ್ಲ ಸಾಧಾರಣವೇ. ಸಾಧಾರಣ ಎತ್ತರ, ಸಾಧಾರಣ ಹೊಟ್ಟೆ, ಸೌದಿಯ ರಾಬಿಗ್‌ನ ಬಿಸಿಲಿಗೆ ಕಪ್ಪಾದ ಸಾಧಾರಣ ಕುತ್ತಿಗೆ. ಕೈಗಳು ಮಾತ್ರ ಬೇರೆ ಯಾರದ್ದೋ ತಂದು ಜೋಡಿಸಿದ ಹಾಗಿದ್ದವು.

"ಎಷ್ಟು ಉದ್ದದ ಬೆರಳು! ಇವರು ಎಂತ ಕೆಲಸ ಮಾಡ್ತಿದ್ದದ್ದು?" ಎಂದು ಸಾದುಲ್ಲಾಕ ಕೇಳಿದರು. ಜಿದ್ದಾದಲ್ಲಿ ಊರವರ ಸಂಘ ನಡೆಸುವ ಅವರು ಸತ್ತವರ ಕಾಗದಪತ್ರವನ್ನೂ ಸ್ನಾನವನ್ನೂ ಮೂವತ್ತು ವರ್ಷದಿಂದ ನೋಡಿಕೊಂಡು ಬಂದವರು.

"ವಯರಿಂಗ್," ಎಂದ ರಝಾಕ್. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಸೋಮವಾರ ಬೆಳಿಗ್ಗೆ ಪ್ಲಾಂಟಿನ ಬಸ್ಸಿನಿಂದ ಇಳಿಯುವಾಗ ಎದೆ ಹಿಡಿದುಕೊಂಡು ಕೂತ ಭಾವ ಮತ್ತೆ ಏಳಲಿಲ್ಲ. ಅಂದಿನಿಂದ ರಝಾಕ್ ಓಡುತ್ತಲೇ ಇದ್ದ. ಪೊಲೀಸರ ಚೀಟಿ, ಆಸ್ಪತ್ರೆಯ ಚೀಟಿ, ಕೆಲಸಕ್ಕೆ ಕರೆಸಿಕೊಂಡ ಕಫೀಲನ ಪತ್ರ, ಜಿದ್ದಾದ ಕಾನ್ಸುಲೇಟಿನ ಮುದ್ರೆ, ಇಲ್ಲೇ ದಫನ ಮಾಡಿ ಎಂದು ಮಂಗಳೂರಿನಿಂದ ಅಕ್ಕ ಸಫಿಯತ್ ಸಹಿ ಹಾಕಿ ಕಳಿಸಿದ ಒಪ್ಪಿಗೆ. ಎಲ್ಲ ಕೂಡಿ ಬಂದದ್ದು ಈ ಗುರುವಾರ ಹತ್ತು ಗಂಟೆಗೆ. ಮಧ್ಯಾಹ್ನ ಕಳೆದು ಅಸರ್ ನಮಾಝಿನ ನಂತರ ಮಣ್ಣು.

ಕಫನಿನ ಮೂರನೆಯ ಬಟ್ಟೆ ಸುತ್ತುವಾಗ ಜೇಬಿನಲ್ಲಿ ಫೋನ್ ಅದುರಿತು. ಅಕ್ಕ. ಅವನು ಹೊರಗೆ ಬಂದು ಎತ್ತಿದ.

"ರಝಾಕೇ, ನನಗೆ ಬೇರೆ ಎಂತದೂ ಬೇಡ," ಎಂದಳು ಸಫಿಯತ್. ಅತ್ತು ಅತ್ತು ಅವಳ ಗಂಟಲು ಕೆಟ್ಟಿತ್ತು. "ಅವರ ಮೇಲೆ ಯಾರ ಹಕ್ಕೂ ಬಾಕಿ ಇರಬಾರದು. ಎಲ್ಲರ ಎದುರು ನಿಂತು ಕೇಳು. ಯಾರಾದರೂ ಉಂಟು ಅಂದ್ರೆ ತೀರಿಸು. ಇಲ್ಲದಿದ್ರೆ ಬಿಟ್ಟೆ ಅಂತ ಹಕ್ಕಿದ್ದವರ ಬಾಯಿಂದಲೇ ಹೇಳಿಸು. ನಿನ್ನ ಫೋನ್ ಬರುವವರೆಗೆ ನಾನು ಈ ಚಾಪೆಯಿಂದ ಏಳುದಿಲ್ಲ."

"ಭಾವ ಯಾರಿಗೆ ಎಂತ ಬಾಕಿ ಇಡ್ತಾರೆ ಅಕ್ಕ? ಯಾರಾದರೂ ಒಂದು ಚಾಯ ಕುಡಿಸಿದ್ರೆ ಮರುದಿನ ಅವರಿಗೆ ಎರಡು ಕುಡಿಸುವ ಜನ."

"ಆದರೂ ಕೇಳು."

"ಕೇಳ್ತೇನೆ. ಮಾತು ಕೊಟ್ಟೆ."

ಕೊಡಲು ಅವನಿಗೆ ಭಯವೇನೂ ಇರಲಿಲ್ಲ. ಊರಿನಲ್ಲಿ ಮಯ್ಯಿತ್ ನಮಾಝಿಗೆ ಮೊದಲು ಮನೆಯವನೊಬ್ಬ ಎದ್ದು ನಿಂತು, ಸತ್ತವರ ಮೇಲೆ ಯಾರದ್ದಾದರೂ ಹಕ್ಕಿದ್ದರೆ ಹೇಳಿ ಎಂದು ಕೇಳುತ್ತಾನೆ. ಎಲ್ಲರೂ ತಲೆ ತಗ್ಗಿಸಿ ನಿಲ್ಲುತ್ತಾರೆ. ಅಷ್ಟೇ. ಯಾರಾದರೂ ಬಾಯಿ ತೆರೆದದ್ದನ್ನು ರಝಾಕ್ ತನ್ನ ನಲವತ್ತೆರಡು ವರ್ಷಗಳಲ್ಲಿ ಕಂಡವನಲ್ಲ.

*

2009ರಲ್ಲಿ ರಝಾಕ್ ರಾಬಿಗ್‌ಗೆ ಬಂದು ಕಂಪೆನಿಯ ಮೆಸ್ಸಿನ ಸ್ಟೋರಿಗೆ ಸೇರಿದಾಗ ಭಾವ ಅವನನ್ನು ತನ್ನ ಕೋಣೆಗೇ ಕರೆದುಕೊಂಡ. ಕ್ಯಾಂಪಿನ ಕೋಣೆ ಎಂದರೆ ಎರಡು ಮಂಚ ಹಾಕಿದ ಮೇಲೆ ಮನುಷ್ಯ ಅಡ್ಡಡ್ಡ ನಡೆಯಬೇಕು. ಅಂಥಲ್ಲಿ ಗೋಡೆಗೂ ರಝಾಕನ ತಲೆದಿಂಬಿಗೂ ನಡುವೆ ಅರವತ್ತೊಂದು ಕೀಗಳ ಒಂದು ಕೀಬೋರ್ಡ್ ಕಾಲುಗಳ ಮೇಲೆ ನಿಂತಿತ್ತು. ಊರಿಗೆ ಹೊರಟ ಫಿಲಿಪೀನ್ಸಿನವನೊಬ್ಬನಿಂದ ಭಾವ ಕೊಂಡದ್ದಂತೆ.

ರಝಾಕ್ ಐದು ಹೊತ್ತಿನ ನಮಾಝು ತಪ್ಪಿಸದವನು. ಮೊದಲ ದಿನವೇ ಹೇಳಿದ: "ಭಾವ, ಬೇಜಾರು ಮಾಡ್ಬೇಡಿ. ಸಂಗೀತ ನನಗೆ ಆಗುದಿಲ್ಲ. ಇದರ ಸದ್ದು ನನ್ನ ಕಿವಿಗೆ ಬೀಳಬಾರದು."

"ಬೀಳುದಿಲ್ಲ," ಎಂದ ಮಹಮ್ಮದ್ ಕುಂಞಿ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡ. ಆ ಮಾತು ಒಂಬತ್ತು ವರ್ಷ ತಪ್ಪಲಿಲ್ಲ.

ಆದರೆ ಕೀಗಳು ಪ್ಲಾಸ್ಟಿಕ್ಕಿನವು, ಒತ್ತಿದರೆ ತಟ್ಟುತ್ತವೆ. ನಸುಕಿನ ಸುಬಹಿ ನಮಾಝು ಮುಗಿಸಿ ರಝಾಕ್ ಮತ್ತೆ ಸ್ವಲ್ಪ ಮಲಗಿದರೆ, ತಲೆಯ ಪಕ್ಕದಲ್ಲೇ ಭಾವನ ತಕತಕ ಶುರು. ರಾಗವಿಲ್ಲ, ಸ್ವರವಿಲ್ಲ, ಒಣ ತಕತಕ. ಮೊದಲು ನಡಿಗೆ, ಆಮೇಲೆ ಓಟ, ನಡುವೆ ಒಂದಷ್ಟು ಹೊತ್ತು ಏನೂ ಇಲ್ಲ, ಮತ್ತೆ ಓಟ. ಕೊನೆಯಲ್ಲಿ ಅದು ನಿಧಾನವಾಗುತ್ತಾ ಹೋಗಿ, ಒಂದೊಂದೇ ತಟ್ಟು, ಆಮೇಲೆ ಭಾವ ಎರಡೂ ತೋಳು ಅಗಲ ಮಾಡಿ ಕೀಬೋರ್ಡಿನ ಎರಡೂ ತುದಿ ಒತ್ತುತ್ತಿದ್ದ. ಜಾಗ ಇಕ್ಕಟ್ಟು. ಎಡಮೊಣಕೈ ನೇರ ರಝಾಕನ ದಿಂಬಿಗೆ ತಿವಿಯುತ್ತಿತ್ತು.

"ಎಂತ ಭಾವ ಇದು!"

"ಮುಗೀತು, ಏಳು. ಬಸ್ ಬರ್ತದೆ."

ಒಂಬತ್ತು ವರ್ಷ ರಝಾಕ್ ಅಲಾರಂ ಇಟ್ಟವನಲ್ಲ. ಭಾವ ಸತ್ತ ಮರುದಿನ ಅವನನ್ನು ಯಾರೂ ತಿವಿಯಲಿಲ್ಲ, ಬಸ್ಸು ತಪ್ಪಿತು. ಕ್ಯಾಂಪಿನ ಗೇಟಿನಲ್ಲಿ ನಿಂತು ಅವನು ಆಗ ಅತ್ತ, ಅದೂ ವಾಚ್‌ಮನ್ ಹೆದರಿ ನೀರು ತಂದುಕೊಡುವಷ್ಟು.

ಪ್ರತಿ ಶುಕ್ರವಾರ ಮಧ್ಯಾಹ್ನ ಭಾವ ಅಬ್ದುಲ್ ಅಝೀಝ್ ಎಂಬ ಸೌದಿಯವನ ಪೀಠೋಪಕರಣದ ಗೋಡೌನಿಗೆ ಹೋಗುತ್ತಿದ್ದ. ಅಲ್ಲಿ ಎಂತ ಕೆಲಸ ಎಂದು ರಝಾಕ್ ಕೇಳಲಿಲ್ಲ, ಅವನು ಹೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ ಎಂಬ ಹೆದರಿಕೆ ಇಬ್ಬರಿಗೂ ಇತ್ತು.

*

ಅಸರ್ ಬಾಂಗಿಗೆ ಹತ್ತು ನಿಮಿಷ ಇರುವಾಗ ಮಸೀದಿಯ ಎದುರು ಕಾರುಗಳು ನಿಲ್ಲಲು ಶುರುವಾದವು. ಕ್ಯಾಂಪಿನ ಬಸ್ಸು ಒಂದು ಬರುತ್ತದೆ ಎಂದು ರಝಾಕ್‌ಗೆ ಗೊತ್ತಿತ್ತು, ಅದು ಬಂತು. ಆದರೆ ಅದರ ಹಿಂದೆ ಬಂದ ಕಾರುಗಳನ್ನು ಎಣಿಸುತ್ತಾ ಅವನು ಹದಿನಾರಕ್ಕೆ ಕೈಬಿಟ್ಟ. ಇಳಿದವರೆಲ್ಲ ಸೌದಿಯವರು, ಮೂವತ್ತರ ಆಸುಪಾಸಿನವರು. ಒಬ್ಬನಿಗೆ ಭುಜದವರೆಗೆ ಕೂದಲು. ಒಬ್ಬ ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ, ತೋಬಿನ ಕೆಳಗೆ ಬಣ್ಣದ ಬೂಟು ಹಾಕಿದ್ದ.

"ಇವರೆಲ್ಲ ಯಾರು?" ಸಾದುಲ್ಲಾಕ ಪಿಸುಗುಟ್ಟಿದರು. "ನಿನ್ನ ಭಾವ ಇಷ್ಟು ಮನೆಗೆ ವಯರಿಂಗ್ ಮಾಡಿದ್ದಾರಾ?"

ಬಣ್ಣದ ಬೂಟಿನವನು ರಝಾಕನ ಕೈ ಹಿಡಿದು ಕುಲುಕಿದ್ದೇ ಬಿಡಲಿಲ್ಲ. ರಿಯಾದಿನ ಒಲಾಯಾದಲ್ಲಿ ಆಫೀಸು, ನಿನ್ನೆ ಸುದ್ದಿ ತಿಳಿದು ಹತ್ತು ಗಂಟೆ ಕಾರು ಓಡಿಸಿ ಬಂದದ್ದು ಎಂದ. "ನೀವು ಅವರ ಜೊತೆ ಒಂದೇ ಕೋಣೆಯಲ್ಲಿ ಇದ್ದದ್ದಾ? ಒಂಬತ್ತು ವರ್ಷ? ಯಾ ಸಲಾಂ!" ಎಂದು ರಝಾಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ತನ್ನನ್ನು ಯಾರಾದರೂ ಹಾಗೆ ನೋಡಿದ್ದು ರಝಾಕನಿಗೆ ನೆನಪಿರಲಿಲ್ಲ.

ಈಗ ದೂರದ ಅಭಾದ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿರುವ ಅಖಿಲೇಶ್, ಉಡುಪಿಯವನು, ಮಸೀದಿಯ ಹೊರಗೆ ಚಪ್ಪಲಿಗಳ ಹತ್ತಿರ ನಿಂತಿದ್ದ. ವರ್ಷಕ್ಕೆ ಒಂದೆರಡು ಸಲ ಕೋಣೆಗೆ ಬಂದು ಹೋಗುತ್ತಿದ್ದ ಅವನು ರಝಾಕ್‌ಗೆ ಗೊತ್ತಿದ್ದವನೇ. ಕಣ್ಣು ಕೆಂಪಾಗಿತ್ತು.

"ರಝಾಕ್ ಭಾಯ್, ಮೊದಲ ಫ್ಲೈಟಿಗೇ ಬಂದೆ. ನಾನು ಇಲ್ಲಿಯೇ ನಿಲ್ತೇನೆ, ಆಮೇಲೆ ಮಣ್ಣಿನ ಹತ್ತಿರ ಬರಬಹುದಲ್ಲ?"

"ಬಾ ಮಾರಾಯ. ಯಾರು ಬೇಡ ಅಂತಾರೆ?"

ನಮಾಝು ಮುಗಿಯಿತು, ಖಬರಸ್ಥಾನ ತಲುಪಿಯೂ ಆಯಿತು. ಇಲ್ಲಿ ಯಾವುದಕ್ಕೂ ತಡವಿಲ್ಲ. ಮೂರು ಮೂರು ಹಿಡಿ ಮಣ್ಣು ಬಿತ್ತು. ಆ ಉದ್ದನೆಯ ಬೆರಳುಗಳ ಮೇಲೆ ಮಣ್ಣು ಬೀಳುತ್ತಿದೆ ಎಂದು ಒಂದು ಕ್ಷಣ ಹೊಳೆದು ರಝಾಕ್ ತನ್ನ ಕೊನೆಯ ಹಿಡಿಯನ್ನು ಮೆಲ್ಲಗೆ ಉದುರಿಸಿದ. ಸಾದುಲ್ಲಾಕ ಅವನ ಬೆನ್ನು ತಟ್ಟಿದರು. "ಮಸೀದಿಯಲ್ಲಿ ಭಾಷಣಕ್ಕೆ ಬಿಡುದಿಲ್ಲ. ನಿನ್ನ ಅಕ್ಕ ಹೇಳಿದ ಮಾತನ್ನು ಇಲ್ಲೇ ಕೇಳಿಬಿಡು."

ರಝಾಕ್ ಕನ್ನಡದಲ್ಲಿ ಕೇಳಿದ, ಮತ್ತೆ ಹಿಂದಿಯಲ್ಲಿ ಕೇಳಿದ. "ನನ್ನ ಭಾವ ಮಹಮ್ಮದ್ ಕುಂಞಿಯವರ ಮೇಲೆ ಯಾರದ್ದಾದರೂ ಹಕ್ಕು ಉಂಟಾದ್ರೆ ಹೇಳಿ. ನಾನು ತೀರಿಸ್ತೇನೆ. ಅವರಿಂದ ತಪ್ಪಾಗಿದ್ರೆ ಬಿಟ್ಟುಬಿಡಿ."

ಊರವರೆಲ್ಲ ರೂಢಿಯಂತೆ ತಲೆ ತಗ್ಗಿಸಿದರು. ಅಲ್ಲಿಗೇ ನಿಲ್ಲಿಸಿದ್ದರೆ ಈ ಕತೆ ಇರುತ್ತಿರಲಿಲ್ಲ. ಆದರೆ ಸಾದುಲ್ಲಾಕ ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವರಲ್ಲ. ಇಷ್ಟು ಜನ ಅರಬ್ಬಿ ಮಾತಾಡುವವರು ಬಂದಿದ್ದಾರೆ ಎಂದು ಅದನ್ನೇ ಅರಬ್ಬಿಯಲ್ಲಿ, ಸ್ವಲ್ಪ ಉಪ್ಪುಖಾರ ಸೇರಿಸಿ ಹೇಳಿದರು: ಸತ್ತವರು ಯಾರಿಗೆ ಏನು ಕೊಡಬೇಕಾಗಿತ್ತೋ ಅದನ್ನು ಇವರ ಮೈದುನ ರಝಾಕ್ ಕೊಡುತ್ತಾನೆ, ಸಂಕೋಚ ಬೇಡ, ಈಗಲೇ ಕೇಳಿ.

ಒಂದು ಕೈ ಮೇಲೆದ್ದಿತು.

ಗಡ್ಡದ, ಗಟ್ಟಿಮುಟ್ಟಾದ ಮನುಷ್ಯ. ಕೈ ಎತ್ತಿದವನ ಮುಖದಲ್ಲಿ ತಮಾಷೆ ಎಳ್ಳಷ್ಟೂ ಇರಲಿಲ್ಲ. ಅವನ ಹಿಂದೆ ಬಣ್ಣದ ಬೂಟಿನವನ ಕೈ ಎದ್ದಿತು. ಆಮೇಲೆ ಉದ್ದ ಕೂದಲಿನವನದು. ಆಮೇಲೆ ನಾಲ್ಕು, ಹತ್ತು, ಇಪ್ಪತ್ತು. ಹೊಸ ಮಣ್ಣಿನ ಸುತ್ತ ಕೈಗಳೇ ಕೈಗಳು. ಕ್ಯಾಂಪಿನವರು ಬಾಯಿ ಬಿಟ್ಟುಕೊಂಡು ನೋಡಿದರು. ಕೊನೆಗೆ ಹಿಂದಿನ ಸಾಲಿನಿಂದ ಅಖಿಲೇಶನೂ ನಾಚುತ್ತಾ ಒಂದು ಕೈ ಎತ್ತಿದ.

"ಅಲ್ಲಾಹ್!" ಎಂದರು ಸಾದುಲ್ಲಾಕ. "ಇಷ್ಟೂ ಜನಕ್ಕೆ ಎಂತ ಕೊಡ್ಲಿಕ್ಕುಂಟು?"

ಗಡ್ಡದವನು ಗೋಡೌನಿನಲ್ಲಿ ಕಲಿತ ಹಿಂದಿಯಲ್ಲಿ ಹೇಳಿದ: "ನಾನು ಅಬ್ದುಲ್ ಅಝೀಝ್. ಮುಹಮ್ಮದ್ ನನಗೆ ನಾಲ್ಕು ನಿಮಿಷ ಕೊಡಬೇಕು."

*

ಅಖಿಲೇಶ್ ಆ ದಿನ ಹೇಳಿದ್ದನ್ನೂ ಸಫಿಯತ್ ಆಮೇಲೆ ಹೇಳಿದ್ದನ್ನೂ ಜೋಡಿಸಿದರೆ ಮಹಮ್ಮದ್ ಕುಂಞಿಯ ಇನ್ನೊಂದು ಆಯುಷ್ಯ ಸಿಗುತ್ತದೆ.

ಅದು ಶುರುವಾದದ್ದು ಮಂಗಳೂರಿನಲ್ಲಿ, ಹಂಪನಕಟ್ಟೆಯ ಹತ್ತಿರ ಒಂದು ವಾದ್ಯ ರಿಪೇರಿ ಅಂಗಡಿಯಲ್ಲಿ. ಇಪ್ಪತ್ತರ ಹರೆಯದ ಕುಂಞಿ ಅಲ್ಲಿ ಇಗರ್ಜಿಗಳ ಆರ್ಗನ್ನಿಗೆ ಬೆಸುಗೆ ಹಾಕುತ್ತಿದ್ದ. ಹಡಗಿನಲ್ಲಿ ಕೆಲಸದವನೊಬ್ಬ ರಿಪೇರಿಗೆ ಬಿಟ್ಟ ಕೀಬೋರ್ಡಿನ ಚೀಲದಲ್ಲಿ ಒಂದು ಕ್ಯಾಸೆಟ್ಟು ಉಳಿದಿತ್ತು. ಒಂದು ಬದಿಗೆ ಒಂದೇ ಹಾಡು. ಪ್ರೊಗ್ರೆಸಿವ್ ರಾಕ್ ಎಂದು ಆ ಜಾತಿಯ ಹೆಸರು, ಹಾಡು ಶುರುವಾದರೆ ಊಟ ಮುಗಿಸಿ ಕೈ ತೊಳೆದರೂ ಮುಗಿಯದು. ಅದರಲ್ಲಿ ಕೀಬೋರ್ಡು ಗಿಟಾರಿನ ಹಿಂದೆ ಬಾಲದ ಹಾಗೆ ಹೋಗುತ್ತಿರಲಿಲ್ಲ, ತಾನೇ ಎಲ್ಲರನ್ನೂ ಎಳೆದುಕೊಂಡು ಹೋಗುತ್ತಿತ್ತು. "ಅದು ಹಾಡಲ್ಲ ಅಖಿಲೇಶಾ, ದೂರದೂರಿಗೆ ಹೋಗುವ ಬಸ್ಸು. ನಡುವೆ ಇಳಿದು ಚಾಯ ಕುಡಿದು ಮತ್ತೆ ಹತ್ತಬಹುದು," ಎನ್ನುತ್ತಿದ್ದನಂತೆ.

ಮದುವೆಯ ಆರ್ಕೆಸ್ಟ್ರಾಕ್ಕೂ ಸೇರಿದ. ಒಂದು ರಿಸೆಪ್ಶನಿನಲ್ಲಿ ಜೋಡಿಗಳು ಕುಣಿಯುತ್ತಿರುವಾಗ ಇವನಿಗೆ ತಡೆಯಲಾಗಲಿಲ್ಲ, ನಾಲ್ಕರ ಲೆಕ್ಕದ ಹಾಡನ್ನು ಏಳಕ್ಕೆ ತಿರುಗಿಸಿದ. ಮೂರು, ಎರಡು, ಎರಡು. ಮದುಮಗ ಮದುಮಗಳ ಗೌನು ತುಳಿದು ಬಿದ್ದ, ಅವನ ಮೇಲೆ ಮಾವ ಬಿದ್ದ. ಮರುದಿನ ಆರ್ಕೆಸ್ಟ್ರಾದವರು ಕೈಮುಗಿದು ಕಳಿಸಿಕೊಟ್ಟರು. "ನಲವತ್ತು ಜನರ ಕಾಲು ಒಂದೇ ಸಲಕ್ಕೆ ತಪ್ಪಿಸಿದ್ದೇನೆ," ಎಂದು ಕೊನೆಯವರೆಗೂ ಹೆಮ್ಮೆ ಪಟ್ಟುಕೊಂಡಿದ್ದ.

ಆಮೇಲೆ ಮದುವೆ, ಗಲ್ಫು. ಜುಬೈಲಿನಲ್ಲಿ ಕೀಬೋರ್ಡ್ ಇಲ್ಲದ ಹತ್ತು ವರ್ಷ ಒಂದು ಹಲಗೆಯ ಮೇಲೆ ಪೆನ್ನಿನಿಂದ ಕೀಗಳನ್ನು ಬರೆದುಕೊಂಡು ಬೆರಳು ಓಡಿಸಿದ. ರಾಬಿಗ್‌ಗೆ ಬಂದ ಮೇಲೆ ಅಬ್ದುಲ್ ಅಝೀಝನ ಗೋಡೌನಿಗೆ ವಯರಿಂಗಿಗೆ ಹೋದವನಿಗೆ, ಸೋಫಾದ ಹೊದಿಕೆಯ ಕೆಳಗೆ ಒಂದು ಡ್ರಮ್ ಸೆಟ್ ಕಂಡಿತು. ಅಬ್ದುಲ್ ಅಝೀಝನ ಮುಖ ಬಿಳಿಚಿತು. ಸೌದಿಯಲ್ಲಿ ವಾದ್ಯ ಇಟ್ಟುಕೊಂಡು ಸಿಕ್ಕಿಬಿದ್ದರೆ ಕಷ್ಟ, ಆಗಿನ ದಿನಗಳು ಹಾಗಿದ್ದವು. ಕುಂಞಿ ಏನೂ ಹೇಳದೆ ಸೋಫಾದ ಕೈಯ ಮೇಲೆ ತಟ್ಟಿದ. ಮೂರು, ಎರಡು, ಎರಡು. ಅಬ್ದುಲ್ ಅಝೀಝ್ ಬಾಗಿಲು ಮುಚ್ಚಿ ಬಂದು ಕೋಲು ಹಿಡಿದ. ಅಖಿಲೇಶ್ ಆಗ ರಾಬಿಗ್‌ನ ಒಂದು ಕ್ಲಿನಿಕ್ಕಿನಲ್ಲಿದ್ದ. ವಾಸದ ಪರವಾನಗಿ ಇಕಾಮಾ ಹೊಸತು ಮಾಡಿಸುವ ಮೊದಲು ಪರೀಕ್ಷೆಗೆ ರಕ್ತ ಕೊಡಲು ಬಂದ ಕುಂಞಿ, ಸೂಜಿ ಹಿಡಿದವನ ಬೆರಳ ತುದಿಯ ಗಡುಸು ನೋಡಿ, "ಬಾಸ್ ಗಿಟಾರಾ?" ಎಂದು ಕೇಳಿ ಅವನನ್ನೂ ಎಳೆದ.

ಗೋಡೌನಿನ ಹಿತ್ತಲಲ್ಲಿ ಒಂದು ಕಬ್ಬಿಣದ ಕಂಟೇನರ್. ಒಳಗೋಡೆಗೆಲ್ಲ ಅಂಗಡಿಯ ಹಾಸಿಗೆಗಳನ್ನು ಹೊಡೆದು, ಬಾಗಿಲು ಭದ್ರ ಮಾಡಿ, ಮೂವರೂ ಬೆವರಿನಲ್ಲಿ ನೆಂದು ಬಾರಿಸುತ್ತಿದ್ದರು. ಒಂದೇ ರಚನೆ, ವರ್ಷಗಟ್ಟಲೆ ಕಟ್ಟಿ ಕೆಡವಿ ಕಟ್ಟಿದ್ದು. ಹತ್ತೊಂಬತ್ತನೆಯ ನಿಮಿಷಕ್ಕೆ ಕುಂಞಿ ಕೈ ಎತ್ತಿಬಿಡುತ್ತಿದ್ದ.

"ಕೊನೆ ಎಲ್ಲಿ?" ಎಂದು ಇವರು ಕೇಳಬೇಕು.

"ನನ್ನ ಹತ್ತಿರ ಉಂಟು. ನಾಲ್ಕು ನಿಮಿಷ. ಈ ಬಾಗಿಲು ತೆರೆದಿಟ್ಟು ಬಾರಿಸುವ ದಿನ ಕೊಡ್ತೇನೆ. ಮುಚ್ಚಿದ ಡಬ್ಬಿಯೊಳಗೆ ಬಾರಿಸಿದ್ರೆ ಅದು ಗೋಡೆಗೆ ತಲೆ ಚಚ್ಚಿಕೊಳ್ತದೆ."

2014ರಲ್ಲಿ ಅಬ್ದುಲ್ ಅಝೀಝ್ ಆ ಹತ್ತೊಂಬತ್ತು ನಿಮಿಷವನ್ನು ಹೆಸರು ಹಾಕದೆ ನೆಟ್ಟಿಗೆ ಏರಿಸಿದ. ಯಾರು ಬಾರಿಸಿದ್ದೆಂದು ಆಗ ಯಾರಿಗೂ ಗೊತ್ತಾಗಲಿಲ್ಲ, ಆದರೆ ಜನ ಕೇಳಿದರು. ಕೊನೆ ಹೇಗಿರಬಹುದೆಂದು ಜಗಳವಾಡಿದರು. ತಮ್ಮ ತಮ್ಮ ಕೊನೆಗಳನ್ನು ಬಾರಿಸಿ ಕಳಿಸಿದರು. ಕುಂಞಿ ಒಂದೊಂದನ್ನೂ ಕೇಳಿ, "ಅಲ್ಲ," ಎಂದು ನಗುತ್ತಿದ್ದ. ಈಗ 2018. ಕಾಲ ಬದಲಾಗಿ ಕಾರ್ಯಕ್ರಮಗಳಿಗೆ ಪರವಾನಗಿ ಸಿಗುತ್ತಿತ್ತು. ಬರುವ ಗುರುವಾರ ಜಿದ್ದಾದ ಒಂದು ಸಭಾಂಗಣದಲ್ಲಿ ಮೂವರೂ ಹೆಸರು ಹಾಕಿಕೊಂಡು ಬಾರಿಸುವವರಿದ್ದರು. ಹಾಗೆ ಹೆಸರು ತಿಳಿದ ಕೇಳುಗರಿಗೇ ಅಬ್ದುಲ್ ಅಝೀಝ್ ಸಾವಿನ ಸುದ್ದಿಯನ್ನೂ ನೆಟ್ಟಿನಲ್ಲಿ ಹಾಕಿದ್ದ. ಈ ಶುಕ್ರವಾರ ಬಾಗಿಲು ತೆರೆಯೋಣ ಎಂದು ಕುಂಞಿಯೇ ಹೇಳಿದ್ದ. ಅವನು ತೀರಿಕೊಂಡ ಸೋಮವಾರಕ್ಕೂ ಶುಕ್ರವಾರಕ್ಕೂ ನಡುವೆ ನಾಲ್ಕೇ ದಿನ.

*

"ಬಿಟ್ಟುಬಿಡಿ," ಎಂದ ರಝಾಕ್. ಖಬರಸ್ಥಾನದ ಗೇಟಿನಲ್ಲಿ ಅವನ ಸುತ್ತ ಮೂವತ್ತು ಜನ ಮುತ್ತಿಕೊಂಡಿದ್ದರು. "ಅವರು ಇಲ್ಲ. ಕೊನೆ ಅವರ ಜೊತೆ ಹೋಯ್ತು. ಬಿಟ್ಟೆ ಅಂತ ಒಂದು ಮಾತು ಹೇಳಿ ಸಾಕು. ಊರಲ್ಲಿ ನನ್ನ ಅಕ್ಕ ಅದನ್ನೇ ಕಾಯ್ತಾ ಕೂತಿದ್ದಾಳೆ."

"ನಾನು ಬಿಟ್ಟೆ," ಎಂದ ಅಖಿಲೇಶ್ ತಕ್ಷಣ. ಉಳಿದವರೂ ಒಬ್ಬೊಬ್ಬರಾಗಿ ತಲೆಯಾಡಿಸಿದರು.

ಅಬ್ದುಲ್ ಅಝೀಝ್ ಆಡಿಸಲಿಲ್ಲ. "ನಾನು ಬಿಟ್ಟಿಲ್ಲ. ಎಂಟು ವರ್ಷ ಕಾದಿದ್ದೇನೆ. ಬಿಟ್ಟೆ ಅಂದರೆ ಸುಳ್ಳಾಗುತ್ತದೆ. ಅವನ ಖಬರಿನ ಹತ್ತಿರ ನಿಂತು ಸುಳ್ಳು ಹೇಳಲಾ?"

"ಸಂಗೀತವೂ ಒಂದು ಹಕ್ಕಾ?" ರಝಾಕನಿಗೆ ರೇಗಿತು. "ಸಾದುಲ್ಲಾಕ, ನೀವೇ ಹೇಳಿ!"

ಸಾದುಲ್ಲಾಕ ಗಡ್ಡ ನೀವಿಕೊಂಡರು. ಅವರಿಗೂ ಸಂಗೀತ ಆಗದು. "ಸಂಗೀತದ ವಿಷಯ ನನ್ನನ್ನು ಕೇಳ್ಬೇಡ. ಕೊಡ್ತೇನೆ ಅಂತ ನಿನ್ನ ಭಾವ ಮಾತು ಕೊಟ್ಟದ್ದು ಹೌದಾ?"

"ಹೌದು," ಎಂದರು ಅಖಿಲೇಶ್, ಅಬ್ದುಲ್ ಅಝೀಝ್ ಇಬ್ಬರೂ.

"ಹಾಗಾದ್ರೆ ಬಾಕಿಯೇ. ತೀರಿಸ್ತೇನೆ ಅಂತ ನೀನೂ ಎಲ್ಲರೆದುರು ಹೇಳಿ ಆಯ್ತು."

ರಝಾಕ್ ಫೋನ್ ತೆಗೆದು ಅಕ್ಕನಿಗೆ ಹಚ್ಚಿದ. ಒಂಬತ್ತು ವರ್ಷ ಅವಳಿಂದ ಬಚ್ಚಿಟ್ಟದ್ದನ್ನು ಈಗ ಹೇಳಲೇಬೇಕಿತ್ತು. "ಅಕ್ಕ, ನೀನು ಗಟ್ಟಿ ಕೂತುಕೋ. ಭಾವ ಇಲ್ಲಿ ಕೀಬೋರ್ಡ್ ಬಾರಿಸ್ತಿದ್ದರು. ಬ್ಯಾಂಡ್ ಉಂಟಂತೆ. ನಿನಗೆ ಬೇಜಾರಾಗ್ತದೆ ಅಂತ ನಾನು..."

"ಗೊತ್ತುಂಟು," ಎಂದಳು ಸಫಿಯತ್.

"ಎಂತ ಗೊತ್ತುಂಟು?"

"ಎಲ್ಲ. ಶುಕ್ರವಾರ ಶುಕ್ರವಾರ ಫೋನಿನಲ್ಲಿ ಕೇಳಿಸ್ತಿದ್ದರು. ರಝಾಕನಿಗೆ ಹೇಳ್ಬೇಡ, ಪಾಪ ಬೇಜಾರು ಮಾಡ್ತಾನೆ ಅಂತ ಅವರೇ ಹೇಳಿದ್ದು." ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು. "ಅಬ್ದುಲ್ ಅಝೀಝಿಗೆ ಆ ಕೊನೆ ಬೇಕಂತಾ?"

"ಅದೇ. ನಿನಗೆ ಗೊತ್ತುಂಟಾ ಅದು?"

"ನನಗೂ ಕೇಳಿಸಲಿಲ್ಲ. ಕೇಳಿದ್ರೆ, ದಿನಾ ಬೆಳಿಗ್ಗೆ ರಝಾಕನಿಗೆ ಕೇಳಿಸ್ತೇನೆ, ಅವನನ್ನೇ ಕೇಳು ಅಂತ ನೆಗಾಡ್ತಿದ್ದರು."

"ನಾನು ಒಂದು ಸ್ವರ ಕೇಳಿಲ್ಲ ಅಕ್ಕ! ಅಲ್ಲಾಹನಾಣೆ!"

"ನನಗೆ ಗೊತ್ತಿಲ್ಲಪ್ಪ. ತೀರಿಸು. ನಾನು ಚಾಪೆಯಲ್ಲೇ ಇದ್ದೇನೆ."

*

ಸಂಜೆಯ ಮಗ್ರಿಬ್ ಬಾಂಗಿಗೆ ಇನ್ನೂ ಒಂದು ಗಂಟೆಗಿಂತ ಹೆಚ್ಚು ಇತ್ತು. ಅಬ್ದುಲ್ ಅಝೀಝನ ಪಿಕಪ್ ಕ್ಯಾಂಪಿಗೆ ಹೋಗಿ, ರಝಾಕನ ದಿಂಬಿನ ಪಕ್ಕದಿಂದ ಕೀಬೋರ್ಡನ್ನು ಎತ್ತಿ ಹಾಕಿಕೊಂಡು, ಗೋಡೌನಿನ ಹಿತ್ತಲಿಗೆ ಬಂದು ನಿಂತಿತು. ಹಿಂದೆ ಹದಿನಾರಕ್ಕೂ ಮಿಕ್ಕಿ ಕಾರುಗಳು. ಹುಡುಕಿದರೆ ಏನಾದರೂ ಬರೆದಿಟ್ಟದ್ದು ಸಿಕ್ಕೀತು ಎಂಬುದು ಅಖಿಲೇಶನ ಆಸೆ. ಕೀಬೋರ್ಡನ್ನು ಅಡಿಮೇಲು ಮಾಡಿದರೂ ಹೆಡ್‌ಫೋನಿನ ವಯರು ಬಿಟ್ಟರೆ ಬೇರೇನೂ ಸಿಗಲಿಲ್ಲ.

"ಒಮ್ಮೆ ಕೇಳಿ ರಝಾಕ್ ಭಾಯ್," ಎಂದ ಅಖಿಲೇಶ್. "ಅವರು ಕೋಣೆಯಲ್ಲಿ ಎಂತಾದ್ರೂ ಹೇಳಿದ್ದು ನೆನಪಾಗಬಹುದು. ಹತ್ತೊಂಬತ್ತು ನಿಮಿಷ, ಅಷ್ಟೇ."

ರಝಾಕ್ ಹಾಸಿಗೆ ಹೊಡೆದ ಆ ಕಬ್ಬಿಣದ ಡಬ್ಬಿಯೊಳಗೆ ಒಂದು ಸ್ಟೂಲಿನ ಮೇಲೆ ಮೈ ಹಿಡಿ ಮಾಡಿಕೊಂಡು ಕೂತ. ಅಕ್ಕನಿಗಾಗಿ, ಇದೊಂದು ಸಲ. ಅಬ್ದುಲ್ ಅಝೀಝ್ ರೆಕಾರ್ಡಿಂಗ್ ಹಾಕಿದ.

ಸದ್ದು ಎದ್ದಿತು. ಭಾವನ ಸದ್ದು! ಇಷ್ಟು ದೊಡ್ಡದೆಂದು ಅವನು ಎಣಿಸಿರಲಿಲ್ಲ. ಎಷ್ಟೋ ಆರ್ಗನ್ನುಗಳು ಒಟ್ಟಿಗೆ ಎದ್ದು ನಿಂತ ಹಾಗೆ, ಅವುಗಳ ಮೇಲೊಂದು ತೆಳ್ಳಗಿನ ದನಿ ಓಡಿಹೋದ ಹಾಗೆ. ರಝಾಕ್ ಗಾಬರಿಯಾಗಿ ಎದ್ದೇಬಿಡುವವನಿದ್ದ. ಅಷ್ಟರಲ್ಲಿ ಅದರ ಅಡಿಯಲ್ಲಿ ಏನೋ ಗುರುತು ಹತ್ತಿತು. ಮೊದಲು ನಡಿಗೆ. ಆಮೇಲೆ ಓಟ.

"ಇದು ಬೆಳಗಿನದ್ದು!" ಎಂದು ಕೂಗಿದ. "ಇದು ನಮ್ಮ ಕೋಣೆಯದ್ದು! ಈಗ ನೋಡಿ, ಈಗ ಸುಮ್ಮನಾಗ್ತಾರೆ!"

ಸಂಗೀತ ಸುಮ್ಮನಾಯಿತು. ಅಖಿಲೇಶ್ ಅವನನ್ನೇ ನೋಡಿದ.

"ಈಗ ಮತ್ತೆ ಓಟ!"

ಓಟ. ಒಂಬತ್ತು ವರ್ಷ ದಿಂಬಿಗೆ ಕಿವಿ ಕೊಟ್ಟು ಕೇಳಿದ ಒಣ ತಕತಕಕ್ಕೆ ಇಂಥ ಮೈ ಇತ್ತೇ! ಭಾವ ಎಂಬ ಮನುಷ್ಯ ತನ್ನ ತಲೆಯ ಪಕ್ಕದಲ್ಲೇ ಕೂತು ಇದನ್ನೆಲ್ಲ ಒಬ್ಬನೇ ಕೇಳಿಕೊಳ್ಳುತ್ತಿದ್ದನೇ! ಸಿಟ್ಟು ಬಂತು, ಅಳು ಬಂತು, ನಗುವೂ ಬಂತು. ಹತ್ತೊಂಬತ್ತನೆಯ ನಿಮಿಷಕ್ಕೆ ರೆಕಾರ್ಡಿಂಗ್ ಕಡಿದುಬಿತ್ತು.

ತಕ್. ತಕ್ ತಕ್.

ರಝಾಕನ ಬೆರಳು ಸ್ಟೂಲಿನ ಅಂಚಿನ ಮೇಲೆ ತಾನಾಗಿಯೇ ಮುಂದುವರಿಯುತ್ತಿತ್ತು.

"ನಿಲ್ಲಿಸ್ಬೇಡಿ!" ಎಂದ ಅಖಿಲೇಶ್. ಬಾಸ್ ಗಿಟಾರನ್ನು ಕೊರಳಿಗೆ ಹಾಕಿಕೊಂಡ. "ಮೂರು, ಎರಡು, ಎರಡು. ಮಾರಾಯಾ, ಇದು ನಮ್ಮ ಮೊದಲಿನದ್ದೇ! ಶುರುವಿನ ರಾಗವೇ, ಅರ್ಧ ವೇಗಕ್ಕೆ ಇಳಿಸಿದ್ದಾರೆ! ಎದುರಿಗೇ ಇತ್ತಲ್ಲ ಅಬ್ದುಲ್ ಅಝೀಝ್!" ಅಬ್ದುಲ್ ಅಝೀಝ್ ಆಗಲೇ ಡ್ರಮ್ಮಿನ ಹಿಂದೆ ಕೂತಾಗಿತ್ತು. ಹೊರಗಿದ್ದವರು ಬಾಗಿಲಿಗೆ ಒತ್ತಿಕೊಂಡು ಬಂದರು.

ರಝಾಕ್ ತಟ್ಟಿದ, ಅವರು ಬಾರಿಸಿದರು. ಒಂದು ಸಲ ತಪ್ಪಿತು. "ಅಲ್ಲ, ಇಲ್ಲಿ ಭಾವ ಎರಡು ಉಸಿರು ಕಾಯ್ತಾರೆ," ಎಂದ ರಝಾಕ್, ಹುಟ್ಟಿದಾಗಿನಿಂದ ಇದೇ ಕೆಲಸ ಮಾಡಿದವನ ಹಾಗೆ. ಮತ್ತೆ ಮೊದಲಿನಿಂದ. ತಟ್ಟು ನಿಧಾನವಾಗುತ್ತಾ, ಒಂದೊಂದೇ ಆಗುತ್ತಾ ಹೋಯಿತು. ನಾಲ್ಕು ನಿಮಿಷ ಆಗುತ್ತಾ ಬಂತು.

"ಆಮೇಲೆ? ಕೊನೆಗೆ ಎಲ್ಲಿ ಇಳಿಯುದು?" ಅಖಿಲೇಶ್ ಕೂಗಿದ.

"ಎರಡೇ ಕೀ," ಎಂದ ರಝಾಕ್. "ಈ ಕೊನೆಯದ್ದು, ಆ ಕೊನೆಯದ್ದು."

ಅಖಿಲೇಶ್ ಕೀಬೋರ್ಡಿನ ಎರಡೂ ತುದಿ ನೋಡಿದ. "ಎರಡೂ ಷಡ್ಜ! ಇಡೀ ಹತ್ತೊಂಬತ್ತು ನಿಮಿಷ ನಮ್ಮನ್ನು ಅಲ್ಲಿಗೆ ಮುಟ್ಟಲಿಕ್ಕೆ ಬಿಡಲಿಲ್ಲ ಮನುಷ್ಯ! ಹತ್ತಿರ ಹೋದಾಗೆಲ್ಲ ಬೇರೆ ದಾರಿ ಹಿಡಿಸ್ತಿದ್ದರು!"

"ಯಲ್ಲಾ, ಇನ್ನೊಂದು ಸಲ. ಪೂರ್ತಿ," ಎಂದ ಅಬ್ದುಲ್ ಅಝೀಝ್. "ರಝಾಕ್, ಆ ಎರಡು ಕೀ ನೀನು ಒತ್ತು."

ರಝಾಕ್ ಬಾಗಿಲ ಕಡೆ ನೋಡಿದ. ಸಾದುಲ್ಲಾಕ ಅಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. "ಬಾಂಗಿಗೆ ಆರು ನಿಮಿಷ ಉಂಟು. ಬೇಗ ತೀರಿಸು," ಎಂದು ಅವರು ಬಾಗಿಲ ಎರಡೂ ಕದಗಳನ್ನು ಕೈಯಾರೆ ಹಿಂದಕ್ಕೆ ದಬ್ಬಿ, ಗಾಳಿಗೆ ಮುಚ್ಚದ ಹಾಗೆ ಒಂದು ಕಲ್ಲು ಇಟ್ಟರು. ಸಮುದ್ರದ ಕಡೆಯ ಗಾಳಿ ಒಳಗೆ ನುಗ್ಗಿತು.

ರಝಾಕ್ ಅಕ್ಕನಿಗೆ ಫೋನ್ ಹಚ್ಚಿ ಕೀಬೋರ್ಡಿನ ಮೇಲೆ ಇಟ್ಟ. ಕೀಬೋರ್ಡನ್ನು ಗೋಡೆಗೂ ಡ್ರಮ್ಮಿಗೂ ನಡುವೆ ತುರುಕಿದ್ದರು, ಇಲ್ಲಿಯೂ ಜಾಗ ಇಕ್ಕಟ್ಟೇ. ಅಖಿಲೇಶ್ ಹೆಡ್‌ಫೋನಿನ ವಯರು ಎಳೆದು ತೆಗೆದು ಸ್ಪೀಕರಿನದ್ದು ಸಿಕ್ಕಿಸಿದ.

ನಾಲ್ಕು ನಿಮಿಷ. ರಝಾಕ್ ತೊಡೆಯ ಮೇಲೆ ತಟ್ಟುತ್ತಾ ತಟ್ಟುತ್ತಾ ಬಂದು, ಭಾವ ಕಾಯುವಷ್ಟೇ ಎರಡು ಉಸಿರು ಕಾದು, ತೋಳು ಎರಡನ್ನೂ ಅಗಲ ಮಾಡಿ ಎರಡೂ ತುದಿ ಒತ್ತಿದ. ಸ್ವರ ಎದ್ದು, ಹಾಸಿಗೆಗಳಿಗೆ ಹಾಯದೆ, ತೆರೆದ ಬಾಗಿಲಿನಿಂದ ಹೊರಗೆ ಹೋಯಿತು. ಹಿತ್ತಲಲ್ಲಿ ನಿಂತವರು ಅದು ಹೋದ ಕಡೆಗೆ, ರಸ್ತೆಯ ಕಡೆಗೆ, ಮುಖ ತಿರುಗಿಸಿದರು. ರಝಾಕ್ ಬೆರಳು ಎತ್ತಲಿಲ್ಲ. ಅವನ ಎಡಮೊಣಕೈ ಡ್ರಮ್ಮಿನ ಹಿಂದೆ ಕಣ್ಣು ಮುಚ್ಚಿ ಕೂತಿದ್ದ ಅಬ್ದುಲ್ ಅಝೀಝನ ಪಕ್ಕೆಗೆ ತಿವಿದಿತ್ತು.

ಅಬ್ದುಲ್ ಅಝೀಝ್ ಕಣ್ಣು ಬಿಟ್ಟ.

"ಮುಗೀತು," ಎಂದ ರಝಾಕ್, ಫೋನಿಗೂ ಕೇಳಿಸುವ ಹಾಗೆ. "ಏಳು."